ಲಾಗ್ ಸ್ವಚ್ಛ, ಪುಟ 404: ಟಾಮ್‌ಕ್ಯಾಟ್ 10ಕ್ಕೆ ಹೋದ ಮೇಲೆ ಓಗೊಡದ ಸ್ಪ್ರಿಂಗ್ ಅಪ್ಲಿಕೇಶನ್

ಜಾವಾ ವೆಬ್ ಅಪ್ಲಿಕೇಶನ್‌ಗಳನ್ನು ಓಡಿಸುವ ಸರ್ವರ್ ಟಾಮ್‌ಕ್ಯಾಟ್. ಅದರ 9ನೇ ಆವೃತ್ತಿಯ ಮೇಲೆ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಸ್ಪ್ರಿಂಗ್ ಬೂಟ್ (ಜಾವಾದ ಸ್ಪ್ರಿಂಗ್ ಚೌಕಟ್ಟಿನಲ್ಲಿ ಕಟ್ಟಿದ) ಅಪ್ಲಿಕೇಶನ್ ಒಂದಿತ್ತು. ಯಾವ ಸಂಸ್ಥೆಯದು ಎಂಬುದು ಬೇಡ. ಹಳೆಯ ಯಂತ್ರ ಬದಲಿಸುವಾಗ ಹೊಸದರಲ್ಲಿ ಟಾಮ್‌ಕ್ಯಾಟ್ 10 ಹಾಕಿದ್ದರು. ಅಪ್ಲಿಕೇಶನ್ನನ್ನು ಕಟ್ಟಿಟ್ಟ ಅದೇ ವಾರ್ ಫೈಲನ್ನು ಅಲ್ಲಿನ ವೆಬ್‌ಆ್ಯಪ್ಸ್ ಫೋಲ್ಡರಿಗೆ ಹಾಕಿದೆವು. ಸರ್ವರ್ ಎದ್ದಿತು, ಫೈಲ್ ಬಿಚ್ಚಿಕೊಂಡಿತು, ಡಿಪ್ಲಾಯ್ (ಅಪ್ಲಿಕೇಶನ್ ಸ್ಥಾಪನೆ) ಮುಗಿದ ಸಾಲು ಲಾಗಿನಲ್ಲಿ ಬಿತ್ತು. ದೋಷದ ಸುಳಿವೇ ಇಲ್ಲ. ಬ್ರೌಸರಿನಲ್ಲಿ ಮಾತ್ರ 404, ಅಂದರೆ ಪುಟ ಸಿಗಲಿಲ್ಲ ಎಂಬ ಉತ್ತರ. ಫೈರ್‌ವಾಲ್ ನೋಡಿದೆವು, ಮುಂದಿದ್ದ ಪ್ರಾಕ್ಸಿ ನೋಡಿದೆವು, ವಿಳಾಸದ ಕಾಗುಣಿತವನ್ನೂ ಮೂರು ಸಲ ನೋಡಿದೆವು. ಮಧ್ಯಾಹ್ನವೆಲ್ಲ ಕಳೆದ ಮೇಲೆ ಕಣ್ಣಿಗೆ ಬಿದ್ದದ್ದು ಡಿಪ್ಲಾಯ್ ಸಾಲಿನ ತುದಿಯಲ್ಲಿದ್ದ ಮಿಲಿಸೆಕೆಂಡುಗಳ ಲೆಕ್ಕ. ಹಳೆಯ ಸರ್ವರಿನಲ್ಲಿ ಏಳಲು ಅರ್ಧ ನಿಮಿಷ ತೆಗೆದುಕೊಳ್ಳುತ್ತಿದ್ದ ಅಪ್ಲಿಕೇಶನ್ ಇಲ್ಲಿ ಎರಡು ಸೆಕೆಂಡಿಗೇ ಮುಗಿದಿತ್ತು. ಅಂದರೆ ಅದು ಏಳಲೇ ಇಲ್ಲ. ಸ್ಪ್ರಿಂಗ್ ತನ್ನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯುವ ಆ ಬ್ಯಾನರ್ ಕೂಡ ಲಾಗಿನಲ್ಲಿ ಇರಲಿಲ್ಲ. ಇಲ್ಲದಿರುವುದನ್ನು ಗಮನಿಸುವುದು ಎಷ್ಟು ಕಷ್ಟ ಎಂಬುದು ಆ ದಿನ ತಿಳಿಯಿತು.

ಇದೇ ಸ್ಥಿತಿಯಲ್ಲಿ ಸಿಕ್ಕಿಕೊಂಡವರಿಗಾಗಿ ಈ ಬರಹ. ಫೈಲ್, ಪ್ಯಾಕೇಜ್, ದೋಷಗಳ ಹೆಸರನ್ನು ಇಲ್ಲಿ ಬಾಯಲ್ಲಿ ಹೇಳುವಂತೆಯೇ ಬರೆದಿದ್ದೇನೆ. ಯಂತ್ರದಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು.

ಹೆಸರು ಬದಲಾದ ಕಥೆ

ಆರೇಕಲ್ ಸಂಸ್ಥೆ ಜಾವಾ ಇಇಯನ್ನು, ಅಂದರೆ ಜಾವಾದ ಸರ್ವರ್ ಅಪ್ಲಿಕೇಶನ್‌ಗಳ ಮಾನದಂಡಗಳ ಗುಚ್ಛವನ್ನು, ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸುವುದಾಗಿ 2017ರಲ್ಲಿ ಪ್ರಕಟಿಸಿತು. 2018ರಲ್ಲಿ ಅದಕ್ಕೆ ಜಕಾರ್ತ ಇಇ ಎಂಬ ಹೊಸ ಹೆಸರು ಬಂತು. ಕೋಡ್ ಕೈಬದಲಾಯಿತು, ಆದರೆ 'ಜಾವಾ' ಎಂಬ ವ್ಯಾಪಾರಮುದ್ರೆ ಆರೇಕಲ್ ಬಳಿಯೇ ಉಳಿಯಿತು. 'ಜಾವಾಎಕ್ಸ್' ಎಂದು ಆರಂಭವಾಗುವ ಪ್ಯಾಕೇಜುಗಳನ್ನು ಇದ್ದಂತೆ ಬಳಸಬಹುದಿತ್ತು, ತಿದ್ದಿ ಬೆಳೆಸುವಂತಿರಲಿಲ್ಲ. ಹೀಗಾಗಿ 2019ರ ಜಕಾರ್ತ ಇಇ 8 ಹಳೆಯ ಹೆಸರಿನಲ್ಲೇ ಬಂದರೂ 2020ರ ಡಿಸೆಂಬರಿನ ಜಕಾರ್ತ ಇಇ 9ರಲ್ಲಿ ಪ್ಯಾಕೇಜುಗಳೆಲ್ಲ 'ಜಕಾರ್ತ' ಎಂದು ಹೆಸರು ಬದಲಿಸಿಕೊಂಡವು. ಕೆಲಸ ಅದೇ, ಕೂಗುವ ಹೆಸರು ಬೇರೆ. ಆದರೆ ಜಾವಾಕ್ಕೆ ಹೆಸರೇ ಗುರುತು. ಸರ್ವ್‌ಲೆಟ್ ಎಂದರೆ ಬ್ರೌಸರಿನ ಕೋರಿಕೆಗೆ ಉತ್ತರಿಸುವ ಜಾವಾ ಕ್ಲಾಸ್. ಜಾವಾಎಕ್ಸ್ ಸರ್ವ್‌ಲೆಟ್ ಮತ್ತು ಜಕಾರ್ತ ಸರ್ವ್‌ಲೆಟ್ ಅದರ ಲೆಕ್ಕದಲ್ಲಿ ಸಂಬಂಧವೇ ಇಲ್ಲದ ಇಬ್ಬರು.

ಟಾಮ್‌ಕ್ಯಾಟ್ 9 ಹಳೆಯ ಹೆಸರಿನದು. ಟಾಮ್‌ಕ್ಯಾಟ್ 10 ಮತ್ತು ಅದರ ಮುಂದಿನವು ಹೊಸ ಹೆಸರಿನವು. ಸ್ಪ್ರಿಂಗ್ ಫ್ರೇಮ್‌ವರ್ಕ್ 5.3 ಮತ್ತು ಸ್ಪ್ರಿಂಗ್ ಬೂಟ್ 2.7ರವರೆಗೆ ಹಳೆಯ ಹೆಸರು. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ 6, ಬೂಟ್ 3ರಿಂದ ಹೊಸ ಹೆಸರು. ಬೇರೆ ವೆಬ್ ಚೌಕಟ್ಟುಗಳದೂ ಇದೇ ಕಥೆ: ಸ್ಟ್ರಟ್ಸ್ 6 ಹಳೆಯದು, 7 ಹೊಸದು. ವಿಕೆಟ್ 9 ಹಳೆಯದು, 10 ಹೊಸದು. ವಾಡಿನ್ 23 ಹಳೆಯದು, 24 ಹೊಸದು. ವೈಲ್ಡ್‌ಫ್ಲೈ ಸರ್ವರ್ 26ರವರೆಗೆ ಹಳೆಯದು, 27ರಿಂದ ಹೊಸದು. ಎಡಗಾಲಿಗೂ ಬಲಗಾಲಿಗೂ ಬೇರೆ ಬೇರೆ ಜೋಡಿಯ ಚಪ್ಪಲಿ ಹಾಕಿದಂತೆ, ಎರಡು ಸಾಲುಗಳನ್ನು ಬೆರೆಸಿದರೆ ನಡೆಯಲಾಗದು.

ನಮ್ಮ 404ರಲ್ಲಿ ದೋಷ ಏಕೆ ಬೀಳಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ವೆಬ್ ಡಾಟ್ ಎಕ್ಸ್‌ಎಮ್‌ಎಲ್ ಎಂಬ ಸಂರಚನೆಯ ಫೈಲ್ ಇಲ್ಲದ ಸ್ಪ್ರಿಂಗ್ ಅಪ್ಲಿಕೇಶನ್ನನ್ನು ಎಬ್ಬಿಸುವುದು ಸ್ಪ್ರಿಂಗ್ ವೆಬ್ ಜಾರಿನ (ಜಾವಾ ಲೈಬ್ರರಿಯ ಕಟ್ಟು) ಒಳಗಿನ ಒಂದು ಸಣ್ಣ ಚೀಟಿ. ಅದು ಮೆಟಾ-ಇನ್ಫ್ ಒಳಗಿನ ಸರ್ವಿಸಸ್ ಫೋಲ್ಡರಿನಲ್ಲಿರುತ್ತದೆ. 'ಸರ್ವ್‌ಲೆಟ್‌ಕಂಟೇನರ್‌ಇನಿಶಿಯಲೈಜರ್' ಎಂಬುದರ ಪೂರ್ತಿ ಹೆಸರೇ ಆ ಚೀಟಿಯ ಹೆಸರು. ಟಾಮ್‌ಕ್ಯಾಟ್ 10 'ಜಕಾರ್ತ' ಎಂದು ಆರಂಭವಾಗುವ ಚೀಟಿಯನ್ನು ಹುಡುಕುತ್ತದೆ. ಬೂಟ್ 2ರ ಜಾರಿನಲ್ಲಿರುವುದು 'ಜಾವಾಎಕ್ಸ್' ಎಂದು ಆರಂಭವಾಗುವ ಚೀಟಿ. ಸಿಗಲಿಲ್ಲ ಎಂದರೆ ಸರ್ವರ್ ದೂರುವುದಿಲ್ಲ, ಏಕೆಂದರೆ ಚೀಟಿ ಇಲ್ಲದ ಅಪ್ಲಿಕೇಶನ್ ಕೂಡ ಅದರ ಮಟ್ಟಿಗೆ ಸರಿಯಾದದ್ದೇ. ಬೂಟ್ 3ರ ವಾರ್ ಫೈಲನ್ನು ಟಾಮ್‌ಕ್ಯಾಟ್ 9ಕ್ಕೆ ಹಾಕಿದರೂ ಇದೇ ಮೌನ, ಇದೇ 404.

ಮೊದಲ ಹೆಜ್ಜೆ: ಸರ್ವರಿನ ನಿಜವಾದ ಆವೃತ್ತಿ

"ನಮ್ಮದು ಟಾಮ್‌ಕ್ಯಾಟ್ ಹತ್ತು" ಎಂಬ ಬಾಯಿಮಾತನ್ನು ನಂಬಬೇಡಿ. ಟಾಮ್‌ಕ್ಯಾಟಿನ ಬಿನ್ ಫೋಲ್ಡರಿನಲ್ಲಿ ವರ್ಷನ್ ಎಂಬ ಸ್ಕ್ರಿಪ್ಟ್ ಇದೆ. ಲಿನಕ್ಸಿನಲ್ಲಿ ಎಸ್‌ಎಚ್, ವಿಂಡೋಸಿನಲ್ಲಿ ಬ್ಯಾಟ್. ಅದನ್ನು ಓಡಿಸಿದರೆ ಸರ್ವರಿನ ಆವೃತ್ತಿಯನ್ನೂ ಅದು ಬಳಸುತ್ತಿರುವ ಜಾವಾದ ಆವೃತ್ತಿಯನ್ನೂ ಹೇಳುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಟರ್ಮಿನಲ್‌ನಲ್ಲಿ ಜಾವಾ 17 ಕಾಣಿಸಿದರೂ ಹಿನ್ನೆಲೆ ಸೇವೆಯಾಗಿ ಓಡುವ ಟಾಮ್‌ಕ್ಯಾಟ್ ಯಾವುದೋ ಹಳೆಯ ಜಾವಾ 8ನ್ನು ಹಿಡಿದಿರಬಹುದು. ಖಚಿತ ಉತ್ತರ ಬೇಕಿದ್ದರೆ ಟಾಮ್‌ಕ್ಯಾಟಿನ ಮುಖ್ಯ ಲಾಗ್ ಆದ ಕ್ಯಾಟಲೀನಾ ಲಾಗಿನ ಮೊದಲ ಇಪ್ಪತ್ತು ಸಾಲು ಓದಿ. ಸರ್ವರ್ ಏಳುವಾಗ ತನ್ನ ಜಾವಾ ಎಲ್ಲಿಂದ ಬಂತು ಎಂಬುದನ್ನು ಅಲ್ಲಿ ತಾನೇ ಬರೆಯುತ್ತದೆ.

ಹತ್ತರಲ್ಲೂ ಎರಡಿವೆ. 10.0 ಸರ್ವ್‌ಲೆಟ್ 5.0ರದು, ಅದಕ್ಕೆ ಜಾವಾ 8 ಸಾಕು. 10.1 ಸರ್ವ್‌ಲೆಟ್ 6.0ರದು, ಅದಕ್ಕೆ ಜಾವಾ 11 ಬೇಕು. ಟಾಮ್‌ಕ್ಯಾಟ್ 11 ಆದರೆ ಸರ್ವ್‌ಲೆಟ್ 6.1, ಜಾವಾ 17. ದೊಡ್ಡ ಅಂಕೆಯೆಂದರೆ ಹೆಚ್ಚು ಬಾಳಿಕೆ ಎಂದುಕೊಳ್ಳಬೇಡಿ. 10.0ರ ಸಾಲಿಗೆ 2022ರಲ್ಲೇ ಬೆಂಬಲ ನಿಂತಿತು. ಅದಾದ ಮೇಲೂ 9ರ ಸಾಲಿಗೆ ತಿದ್ದುಪಡಿಗಳು ಬರುತ್ತಲೇ ಇದ್ದವು. ಯಾರಾದರೂ 10.0 ಹಾಕಿಕೊಂಡು ಕುಳಿತಿದ್ದರೆ ಮೊದಲು ಅದನ್ನು ಕಿತ್ತುಹಾಕಿ.

ಎರಡನೆಯ ಹೆಜ್ಜೆ: ವಾರ್ ಫೈಲಿನ ಹೊಟ್ಟೆ ಬಗೆಯಿರಿ

ಬಿಲ್ಡ್ ಫೈಲಿನಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ವಾರ್ ಫೈಲಿನೊಳಗೆ ಏನು ಬಂದು ಕುಳಿತಿದೆ ಎಂಬುದು ಮುಖ್ಯ. ವಾರ್ ಎಂದರೆ ಜಿಪ್ ಫೈಲೇ. ಬಿಚ್ಚಿ ವೆಬ್-ಇನ್ಫ್ ಒಳಗಿನ ಲಿಬ್ ಫೋಲ್ಡರ್ ನೋಡಿ. ಸ್ಪ್ರಿಂಗ್ ಕೋರ್ ಜಾರಿನ ಹೆಸರಿನ ಅಂಕೆ 5ರಿಂದ ಆರಂಭವಾದರೆ ಹಳೆಯ ಹೆಸರು, 6ರಿಂದಾದರೆ ಹೊಸದು. ಡೇಟಾಬೇಸ್ ಲೈಬ್ರರಿ ಹೈಬರ್ನೇಟ್ ಕೋರ್‌ಗೂ ಹೆಚ್ಚುಕಡಿಮೆ ಇದೇ ಲೆಕ್ಕ. 5 ಹಳೆಯದು, 6 ಹೊಸದು. ಹೈಬರ್ನೇಟ್ 5.5, 5.6ಕ್ಕೆ ಮಾತ್ರ ಜಕಾರ್ತ ಬಾಲವಿರುವ ಬೇರೆ ಜಾರ್ ಕೂಡ ಇದೆ, ಮೋಸಹೋಗಬೇಡಿ.

ಆ ಫೋಲ್ಡರಿನಲ್ಲಿ ಸರ್ವ್‌ಲೆಟ್ ಎಪಿಐ ಜಾರ್ ಇದ್ದರೆ ಅದು ಇರಬಾರದ ಜಾಗದಲ್ಲಿದೆ. ಸರ್ವ್‌ಲೆಟ್ ಎಪಿಐ ಸರ್ವರಿನ ಸ್ವತ್ತು. ಮೇವನ್ ಎಂಬ ಬಿಲ್ಡ್ ಉಪಕರಣ ಬಳಸುವವರು ಆ ಅವಲಂಬನೆಯ ಸ್ಕೋಪನ್ನು 'ಪ್ರೊವೈಡೆಡ್' (ಸರ್ವರೇ ಕೊಡುತ್ತದೆ) ಎಂದು ಕೊಡಬೇಕು. ಸ್ಪ್ರಿಂಗ್ ಬೂಟ್ ಜೊತೆಗೆ ಬರುವ ಒಳಟಾಮ್‌ಕ್ಯಾಟಿನ ಸ್ಟಾರ್ಟರ್‌ಗೂ ಅದೇ ಸ್ಕೋಪ್. ಮುಖ್ಯ ಕ್ಲಾಸ್ 'ಸ್ಪ್ರಿಂಗ್‌ಬೂಟ್‌ಸರ್ವ್‌ಲೆಟ್‌ಇನಿಶಿಯಲೈಜರ್' ಅನ್ನು ವಿಸ್ತರಿಸಿದೆಯೇ ಎಂಬುದನ್ನೂ ಇದೇ ಸಮಯಕ್ಕೆ ನೋಡಿಬಿಡಿ. ಜಾರ್ ಆಗಿ ಓಡುತ್ತಿದ್ದ ಬೂಟ್ ಅಪ್ಲಿಕೇಶನ್ನನ್ನು ವಾರ್ ಮಾಡಿದವರು ಇದನ್ನು ಮರೆಯುವುದೇ ಹೆಚ್ಚು. ಆಗಲೂ ಸಿಗುವುದು ಅದೇ ಮೌನದ 404.

ಮೂರನೆಯ ಹೆಜ್ಜೆ: ಸರಿಯಾದ ಲಾಗ್

ಕ್ಯಾಟಲೀನಾ ಲಾಗಿನಲ್ಲಿ "ಒಂದೋ ಹೆಚ್ಚೋ ಲಿಸನರ್‌ಗಳು ಆರಂಭವಾಗಲಿಲ್ಲ, ವಿವರ ಸಂಬಂಧಪಟ್ಟ ಕಂಟೇನರ್ ಲಾಗಿನಲ್ಲಿದೆ" ಎಂಬರ್ಥದ ಇಂಗ್ಲಿಷ್ ಸಾಲು ಕಂಡು ಅಲ್ಲಿಗೇ ಕೈಚೆಲ್ಲಿದವರನ್ನು ನಾನು ಎಷ್ಟೋ ನೋಡಿದ್ದೇನೆ. ಆ ಸಾಲು ದಾರಿಯನ್ನೇ ಹೇಳುತ್ತಿದೆ. ಅದೇ ಲಾಗ್ಸ್ ಫೋಲ್ಡರಿನಲ್ಲಿ 'ಲೋಕಲ್‌ಹೋಸ್ಟ್' ಎಂದು ಆರಂಭವಾಗಿ ದಿನಾಂಕ ಹೊತ್ತ ಇನ್ನೊಂದು ಫೈಲ್ ಇರುತ್ತದೆ. ಮೂಲ ದೋಷ ಅದರಲ್ಲಿರುತ್ತದೆ. ಅದರಲ್ಲೂ ಮೇಲಿನ ಸಾಲಿಗಿಂತ ಕೆಳಗಿನ 'ಕಾಸ್ಡ್ ಬೈ' ಸಾಲುಗಳನ್ನು ಓದಿ. ಎಲ್ಲಕ್ಕಿಂತ ಕೊನೆಯ 'ಕಾಸ್ಡ್ ಬೈ'ಯೇ ಬೇರು.

ನಾಲ್ಕನೆಯ ಹೆಜ್ಜೆ: ದೋಷ ಏನು ಹೇಳುತ್ತಿದೆ

ಜಾವಾಎಕ್ಸ್ ಸರ್ವ್‌ಲೆಟ್‌ನ ಯಾವುದೋ ಕ್ಲಾಸಿನ ಹೆಸರು ಹೊತ್ತ 'ನೋಕ್ಲಾಸ್‌ಡೆಫ್‌ಫೌಂಡ್‌ಎರರ್' ಬಂದರೆ ಅದು ನಮ್ಮ ಮೌನದ 404ರ ಬಾಯಿರುವ ತಮ್ಮ. ವೆಬ್ ಡಾಟ್ ಎಕ್ಸ್‌ಎಮ್‌ಎಲ್‌ನಲ್ಲಿ ಲಿಸನರ್ ಅಥವಾ ಸರ್ವ್‌ಲೆಟ್ ಘೋಷಿಸಿರುವ ಹಳೆಯ ಅಪ್ಲಿಕೇಶನ್ ಹೊಸ ಸರ್ವರಿಗೆ ಹೋದಾಗ ಇದು ಬರುತ್ತದೆ.

ಇಲ್ಲಿಯೇ ಹೆಚ್ಚಿನವರು ಎಡವುವುದು. ಕ್ಲಾಸ್ ಸಿಗಲಿಲ್ಲ ಎಂದಿತಲ್ಲ, ಸಿಗುವಂತೆ ಮಾಡೋಣ ಎಂದು ಹಳೆಯ ಸರ್ವ್‌ಲೆಟ್ ಎಪಿಐ ಜಾರನ್ನು ತಂದು ಲಿಬ್ ಫೋಲ್ಡರಿಗೆ ತುರುಕುತ್ತಾರೆ. ದೋಷ ಹೋಗುತ್ತದೆ, ಹೊಸದೊಂದು ಬರುತ್ತದೆ: ನಿಮ್ಮ ಸರ್ವ್‌ಲೆಟ್ ಕ್ಲಾಸನ್ನು ಜಕಾರ್ತ ಸರ್ವ್‌ಲೆಟ್ ಎಂದು ಪರಿಗಣಿಸಲಾಗದು ಎನ್ನುವ 'ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್'. ಹಳೆಯ ಹೆಸರಿನ ಸರ್ವ್‌ಲೆಟ್ ಈಗ ಲೋಡ್ ಆಗಿದೆ ನಿಜ, ಆದರೆ ಸರ್ವರ್ ಅದನ್ನು ತನ್ನವನೆಂದು ಒಪ್ಪುವುದಿಲ್ಲ. ತೇಪೆ ಹಾಕಿದಷ್ಟೂ ಹರಿದ ಜಾಗ ಕಣ್ಣಿಗೆ ಬೀಳದಂತಾಗುತ್ತದೆ, ಅಷ್ಟೇ. ಮೊದಲ ದೋಷ ಪ್ರಾಮಾಣಿಕವಾಗಿತ್ತು, ಎರಡನೆಯದು ದಾರಿ ತಪ್ಪಿಸುತ್ತದೆ. ಜಾರನ್ನು ತೆಗೆದು ಮೊದಲ ದೋಷಕ್ಕೆ ಹಿಂತಿರುಗಿ.

'ಅನ್‌ಸಪೋರ್ಟೆಡ್‌ಕ್ಲಾಸ್‌ವರ್ಷನ್‌ಎರರ್' ಹೆಸರುಗಳ ಗಲಾಟೆಯಲ್ಲ, ಜಾವಾ ಆವೃತ್ತಿಯದು. ಅದರಲ್ಲಿ ಕಾಣುವ 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21. ಸ್ಪ್ರಿಂಗ್ 6ಕ್ಕೆ ಕನಿಷ್ಠ ಜಾವಾ 17 ಬೇಕು. ಟಾಮ್‌ಕ್ಯಾಟ್ 10.1ನ್ನು ಜಾವಾ 11ರ ಮೇಲೆ ಓಡಿಸುತ್ತಿರುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಇಬ್ಬರೂ ಹೊಸ ಹೆಸರಿನವರೇ, ಆದರೂ ಹೊಂದಾಣಿಕೆ ಇಲ್ಲ.

'ನೋಸಚ್‌ಮೆಥಡ್‌ಎರರ್' ಬಂದರೆ ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಎಲ್ಲೋ ಕುಳಿತಿವೆ. ಇಲ್ಲವೇ ನೀವು ಸರ್ವ್‌ಲೆಟ್ 6.0ರಲ್ಲಿದ್ದೀರಿ. ಅದರಲ್ಲಿ ಬಹುಕಾಲದಿಂದ ಬಳಸಬೇಡಿ ಎಂದಿದ್ದ ಕೆಲವು ಮೆಥಡ್‌ಗಳನ್ನು ಕಿತ್ತೇ ಹಾಕಿದ್ದಾರೆ. ಸಂದೇಶದ ಜೊತೆಗೆ ಸ್ಟೇಟಸ್ ಕಳಿಸುವ ಹಳೆಯ 'ಸೆಟ್‌ಸ್ಟೇಟಸ್' ಅವುಗಳಲ್ಲೊಂದು. ಇಂಥದ್ದು ಸರ್ವರ್ ಏಳುವಾಗ ಬೀಳುವುದಿಲ್ಲ. ಆ ಮೆಥಡನ್ನು ಕರೆಯುವ ಪುಟವನ್ನು ಯಾರೋ ಒಬ್ಬರು ತೆರೆದ ದಿನ ಬೀಳುತ್ತದೆ.

ಯಾವ ಜಾರಿನಿಂದ ಕ್ಲಾಸ್ ಬಂತು ಎಂದು ತಿಳಿಯದೆ ಪರದಾಡುತ್ತಿದ್ದರೆ ಊಹೆ ಬಿಡಿ. ಬಿನ್ ಫೋಲ್ಡರಿನ ಸೆಟ್‌ಎನ್ವ್ ಫೈಲಿನಲ್ಲಿ 'ಕ್ಯಾಟಲೀನಾ ಆಪ್ಟ್ಸ್'ಗೆ ವರ್ಬೋಸ್ ಕ್ಲಾಸ್ ಎಂಬ ಜಾವಾ ಆಯ್ಕೆಯನ್ನು ಸೇರಿಸಿ ಮರುಆರಂಭಿಸಿ. ಲೋಡ್ ಆದ ಪ್ರತಿ ಕ್ಲಾಸ್, ಅದರ ಮೂಲದ ಜಾರ್ ಸಹಿತ, ಲಾಗಿಗೆ ಸುರಿಯುತ್ತದೆ. ಹತ್ತಾರು ಸಾವಿರ ಸಾಲು ಬರುತ್ತದೆ, ಹೆದರದೆ ಬೇಕಾದ ಹೆಸರನ್ನು ಹುಡುಕಿ. ಕೆಲಸ ಮುಗಿದ ಮೇಲೆ ಆ ಆಯ್ಕೆಯನ್ನು ತೆಗೆಯುವುದನ್ನು ಮರೆತರೆ ಡಿಸ್ಕ್ ತುಂಬಿದ ದೂರು ಬರುತ್ತದೆ. ಅದು ನನ್ನ ಅನುಭವವೇ.

ಐದನೆಯ ಹೆಜ್ಜೆ: ಮೂರು ದಾರಿಯಲ್ಲಿ ಒಂದು

ನಾಳೆ ಬೆಳಿಗ್ಗೆ ಸೇವೆ ನಡೆಯಲೇಬೇಕು ಎಂದಾದರೆ ಟಾಮ್‌ಕ್ಯಾಟ್ 9ಕ್ಕೆ ಹಿಂತಿರುಗಿ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಬೂಟ್ 2.7ರ ಉಚಿತ ಬೆಂಬಲ 2023ರಲ್ಲೂ ಸ್ಪ್ರಿಂಗ್ 5.3ರದು 2024ರಲ್ಲೂ ಮುಗಿದಿವೆ ಎಂಬುದನ್ನು ನಿಮ್ಮ ಮೇಲಿನವರಿಗೆ ಬರಹದಲ್ಲಿ ತಿಳಿಸಿಡಿ.

ಮೂಲ ಕೋಡ್ ಕೈಯಲ್ಲಿಲ್ಲ, ಬರೆದುಕೊಟ್ಟವರು ಎಲ್ಲಿದ್ದಾರೋ ತಿಳಿಯದು ಎಂದಾದರೆ ಪರಿವರ್ತಕ ಬಳಸಿ. ಅಪಾಚೆ ಟಾಮ್‌ಕ್ಯಾಟ್ ತಂಡವೇ ಜಕಾರ್ತ ಇಇ ಪರಿವರ್ತನೆಯ ಉಪಕರಣವನ್ನು ಕೊಡುತ್ತದೆ. ಹಳೆಯ ವಾರ್ ಫೈಲ್ ಕೊಟ್ಟರೆ ಅದು ಒಳಗಿನ ಕ್ಲಾಸ್, ಜೆಎಸ್‌ಪಿ ಪುಟ, ಸಂರಚನೆಯ ಫೈಲುಗಳಲ್ಲೆಲ್ಲ ಹೆಸರು ಬದಲಿಸಿ ಹೊಸ ವಾರ್ ಕೊಡುತ್ತದೆ. ಉಪಕರಣವನ್ನು ಬೇರೆಯಾಗಿ ಓಡಿಸುವ ಗೊಡವೆಯೂ ಬೇಡವೆಂದರೆ ಟಾಮ್‌ಕ್ಯಾಟ್ 10ರಲ್ಲಿ 'ವೆಬ್‌ಆ್ಯಪ್ಸ್-ಜಾವಾಇಇ' ಎಂಬ ಫೋಲ್ಡರ್ ಸೃಷ್ಟಿಸಿ ಹಳೆಯ ವಾರ್ ಫೈಲನ್ನು ಅದರಲ್ಲಿ ಇಡಿ. ಸರ್ವರ್ ತಾನೇ ಪರಿವರ್ತಿಸಿ ವೆಬ್‌ಆ್ಯಪ್ಸ್‌ಗೆ ಹಾಕಿಕೊಳ್ಳುತ್ತದೆ. ನಮ್ಮ ಆ ಅಪ್ಲಿಕೇಶನ್ ಹೀಗೆಯೇ ಅದೇ ಸಂಜೆ ಎದ್ದು ನಿಂತಿತು. ಆದರೆ ಉಪಕರಣ ಬದಲಿಸುವುದು ಹೆಸರನ್ನು ಮಾತ್ರ. ಸರ್ವ್‌ಲೆಟ್ 6.0 ಕಿತ್ತುಹಾಕಿದ ಮೆಥಡ್ ಅದರಿಂದ ಮರಳಿ ಹುಟ್ಟುವುದಿಲ್ಲ.

ಮೂಲ ಕೋಡ್ ಇದ್ದು ಅಪ್ಲಿಕೇಶನ್ ಇನ್ನೂ ಬದುಕಬೇಕಿದ್ದರೆ ಬೂಟ್ 3ಕ್ಕೆ ಏರಿಸುವುದೇ ಸರಿ. ಮೊದಲು ಬೂಟ್ 2.7ಕ್ಕೆ ಬನ್ನಿ. ಅದನ್ನು ಜಾವಾ 17ರ ಮೇಲೆ ಓಡಿಸಿ ನೋಡಿ. ಆಮೇಲೆ 3. ಮೂರನ್ನೂ ಒಂದೇ ದಿನ ಮಾಡಿದರೆ ಯಾವ ದೋಷ ಯಾವುದರದು ಎಂದು ಬಿಡಿಸಲಾಗುವುದಿಲ್ಲ.

ಕೋಡಿನಲ್ಲಿ 'ಜಾವಾಎಕ್ಸ್' ಇದ್ದಲ್ಲೆಲ್ಲ 'ಜಕಾರ್ತ' ಎಂದು ಒಮ್ಮೆಗೇ ಬದಲಿಸುವ ಉತ್ಸಾಹ ಬೇಡ. ಜಾವಾಎಕ್ಸ್ ಎಸ್‌ಕ್ಯೂಎಲ್, ಜಾವಾಎಕ್ಸ್ ನೇಮಿಂಗ್, ಜಾವಾಎಕ್ಸ್ ಕ್ರಿಪ್ಟೊ, ಜಾವಾಎಕ್ಸ್ ನೆಟ್, ಎಕ್ಸ್‌ಎಮ್‌ಎಲ್ ಪಾರ್ಸರ್‌ಗಳು ಇವೆಲ್ಲ ಜೆಡಿಕೆಯ, ಅಂದರೆ ಮೂಲ ಜಾವಾ ಕಿಟ್‌ನ, ಸ್ವಂತ ಮಕ್ಕಳು, ಹೆಸರು ಬದಲಿಸಿಕೊಂಡಿಲ್ಲ. ಬದಲಾದವು ಸರ್ವ್‌ಲೆಟ್, ಪರ್ಸಿಸ್ಟೆನ್ಸ್, ವ್ಯಾಲಿಡೇಶನ್, ಮೇಲ್, ವೆಬ್‌ಸಾಕೆಟ್, ಎಕ್ಸ್‌ಎಮ್‌ಎಲ್ ಬೈಂಡ್ ಮುಂತಾದವು. ಟ್ರಾನ್ಸಾಕ್ಷನ್ ಬದಲಾಯಿತು, ಆದರೆ ಅದರೊಳಗಿನ ಎಕ್ಸ್‌ಎ ಪ್ಯಾಕೇಜ್ ಹಳೆಯ ಹೆಸರಲ್ಲೇ ಜೆಡಿಕೆಯಲ್ಲಿ ಉಳಿಯಿತು. ತಲೆಕೆಡಿಸುವ ಇಂಥ ವಿಂಗಡಣೆಯನ್ನು ಓಪನ್‌ರೀರೈಟ್ ಎಂಬ ಉಪಕರಣಕ್ಕೆ ಒಪ್ಪಿಸುವುದು ಜಾಣತನ.

ಮೇಲಿನ ಪಟ್ಟಿಯಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವುದು ವ್ಯಾಲಿಡೇಶನ್, ಅಂದರೆ ಬಂದ ಮಾಹಿತಿ ಸರಿಯೇ ಎಂಬ ಪರಿಶೀಲನೆ. ಸರ್ವ್‌ಲೆಟ್ ತಪ್ಪಿದರೆ ಪುಟ ಬರುವುದಿಲ್ಲ, ಎಲ್ಲರಿಗೂ ಗೊತ್ತಾಗುತ್ತದೆ. ಡೇಟಾಬೇಸಿನ ಪರ್ಸಿಸ್ಟೆನ್ಸ್ ತಪ್ಪಿದರೆ 'ನಾಟ್ ಎ ಮ್ಯಾನೇಜ್ಡ್ ಟೈಪ್' ಎಂದು ಅಪ್ಲಿಕೇಶನ್ ಏಳುವಾಗಲೇ ಕೂಗುತ್ತದೆ. ಆದರೆ ಯಾವುದೋ ಹಳೆಯ ಲೈಬ್ರರಿಯ ಹಿಂದೆ ಅಡಗಿ ಬಂದ ಜಾವಾಎಕ್ಸ್ ವ್ಯಾಲಿಡೇಶನ್ ಜಾರ್ ಲಿಬ್‌ನಲ್ಲಿ ಉಳಿದಿದ್ದು, ನಿಮ್ಮ ಒಂದು ಫಾರ್ಮ್ ಕ್ಲಾಸಿನಲ್ಲಿ 'ನಾಟ್‌ನಲ್' ಥರದ ಪರಿಶೀಲನೆಯ ಗುರುತು ಹಳೆಯ ಹೆಸರಿನಿಂದಲೇ ಬಂದಿದ್ದರೆ ಕೋಡ್ ಕಂಪೈಲ್ ಆಗುತ್ತದೆ, ಅಪ್ಲಿಕೇಶನ್ ಏಳುತ್ತದೆ, ಫಾರ್ಮ್ ಕೆಲಸವನ್ನೂ ಮಾಡುತ್ತದೆ. ಹೊಸ ವ್ಯಾಲಿಡೇಟರ್ ಆ ಗುರುತನ್ನು ಕಂಡೂ ಕಾಣದಂತೆ ಹೋಗುತ್ತದೆ, ಖಾಲಿ ಹೆಸರು, ಋಣ ಮೊತ್ತ ಎಲ್ಲವೂ ಡೇಟಾಬೇಸಿಗೆ ನುಗ್ಗುತ್ತವೆ. ಆದ್ದರಿಂದ ಬಿಲ್ಡ್ ಆದ ಮೇಲೆ ಮೇವನ್ನಿನ ಡಿಪೆಂಡೆನ್ಸಿ ಟ್ರೀ ಆಜ್ಞೆಯನ್ನು ಓಡಿಸಿ, ಅದರಲ್ಲಿ ಜಾವಾಎಕ್ಸ್ ಎಂಬ ಪದ ಹುಡುಕಿ, ಸಿಕ್ಕ ಪ್ರತಿಯೊಂದಕ್ಕೂ ಅದನ್ನು ಯಾರು ಎಳೆತಂದರು ಎಂದು ಕೇಳಿ. ಕಳಿಸಬಾರದ ಖಾಲಿ ಫಾರ್ಮನ್ನು ಕಳಿಸಿ, ತಿರಸ್ಕಾರ ಬರುತ್ತದೆಯೇ ಎಂದು ಕಣ್ಣಾರೆ ನೋಡಿ.

ಬೇರೆ ಲೈಬ್ರರಿಗಳ ವಿಷಯ ಚುಟುಕಾಗಿ. ಎಪಿಐ ದಾಖಲೆ ತಯಾರಿಸುವ ಸ್ಪ್ರಿಂಗ್‌ಫಾಕ್ಸ್ 3 ಬೂಟ್ 3ರಲ್ಲಿ ನಡೆಯುವುದಿಲ್ಲ, ಸ್ಪ್ರಿಂಗ್‌ಡಾಕ್ 2ಕ್ಕೆ ಹೋಗಿ. ಪುಟವಿನ್ಯಾಸದ ಟೈಲ್ಸ್ ಬೆಂಬಲವೂ 'ಕಾಮನ್ಸ್‌ಮಲ್ಟಿಪಾರ್ಟ್‌ರಿಸಾಲ್ವರ್' ಕೂಡ ಸ್ಪ್ರಿಂಗ್ 6ರಲ್ಲಿ ಇಲ್ಲ. ಫೈಲ್ ಅಪ್‌ಲೋಡಿಗೆ ಸರ್ವ್‌ಲೆಟ್‌ನದೇ ಮಲ್ಟಿಪಾರ್ಟ್ ಸೌಲಭ್ಯ ಸಾಕು. ಜೆಎಸ್‌ಪಿಯ ಟ್ಯಾಗ್ ಲೈಬ್ರರಿ ಜೆಎಸ್‌ಟಿಎಲ್ ಟಾಮ್‌ಕ್ಯಾಟಿನೊಳಗೆ ಬರುವುದಿಲ್ಲ, ಅದರ ಜಕಾರ್ತ ಆವೃತ್ತಿಯ ಎಪಿಐ ಮತ್ತು ಅನುಷ್ಠಾನ ಎರಡೂ ಜಾರುಗಳನ್ನು ನೀವೇ ಸೇರಿಸಬೇಕು.

ಟಾಮ್‌ಕ್ಯಾಟ್ ಅಲ್ಲದಿದ್ದರೆ

ಟಾಮ್‌ಕ್ಯಾಟ್ ಬಹುಮಟ್ಟಿಗೆ ಮೊದಲು ನಿಮ್ಮ ಲಿಬ್ ನೋಡಿ ನಂತರ ತನ್ನದನ್ನು ನೋಡುತ್ತದೆ. ಆರೇಕಲ್‌ನ ವೆಬ್‌ಲಾಜಿಕ್ ಸರ್ವರ್ ಹಾಗಲ್ಲ. ಸಾಮಾನ್ಯವಾಗಿ ಮೊದಲು ತನ್ನ ಉಗ್ರಾಣವನ್ನೇ ನೋಡುತ್ತದೆ. ನೀವು ತಂದ ಹೊಸ ಲೈಬ್ರರಿ ಬಿಟ್ಟು ಅದರಲ್ಲಿರುವ ಹಳೆಯದು ಲೋಡ್ ಆಗುತ್ತದೆ, 'ನೋಸಚ್‌ಮೆಥಡ್‌ಎರರ್' ಬರುತ್ತದೆ. ವೆಬ್‌ಲಾಜಿಕ್ ಡಾಟ್ ಎಕ್ಸ್‌ಎಮ್‌ಎಲ್ ಫೈಲಿನಲ್ಲಿ 'ಪ್ರಿಫರ್ ಅಪ್ಲಿಕೇಶನ್ ಪ್ಯಾಕೇಜಸ್' ಅಂಶದಡಿ ಆ ಪ್ಯಾಕೇಜನ್ನು ಹೆಸರಿಸಿದರೆ ನಿಮ್ಮದಕ್ಕೆ ಮೊದಲ ಮಣೆ. ವೈಲ್ಡ್‌ಫ್ಲೈ ಎಲ್ಲವನ್ನೂ ಮಾಡ್ಯೂಲುಗಳಾಗಿ ಬೇರ್ಪಡಿಸುತ್ತದೆ. ಜಗಳವಾಡುವ ಮಾಡ್ಯೂಲನ್ನು 'ಜೆಬಾಸ್ ಡಿಪ್ಲಾಯ್‌ಮೆಂಟ್ ಸ್ಟ್ರಕ್ಚರ್' ಫೈಲಿನಲ್ಲಿ ಹೊರಗಿಡಬೇಕು. ಲಾಗಿಂಗ್ ಮತ್ತು ರೆಸ್ಟ್‌ಈಜಿ ಇಲ್ಲಿನ ಹಳೆಯ ಜಗಳಗಂಟರು. ಜೆಟ್ಟಿ 12 ಮಾತ್ರ ಹಳೆಯ ಹೆಸರಿನ ಇಇ 8, ಹೊಸ ಹೆಸರಿನ ಇಇ 9, ಇಇ 10 ಅಪ್ಲಿಕೇಶನ್‌ಗಳನ್ನು ಒಂದೇ ಸರ್ವರಿನಲ್ಲಿ ಬೇರೆ ಬೇರೆ ಪರಿಸರಗಳಾಗಿ ಓಡಿಸುತ್ತದೆ.

ಕೊನೆಯ ಹೆಜ್ಜೆ: ಮತ್ತೆ 404 ಬಂದರೆ

ಹೊಸ ವಾರ್ ಹಾಕುವ ಮೊದಲು ಸರ್ವರ್ ನಿಲ್ಲಿಸಿ, ಹಳೆಯ ವಾರ್ ಬಿಚ್ಚಿಕೊಂಡ ಫೋಲ್ಡರನ್ನೂ ಕಂಪೈಲ್ ಆದ ಜೆಎಸ್‌ಪಿಗಳು ಕುಳಿತಿರುವ ವರ್ಕ್ ಫೋಲ್ಡರಿನ ಒಳಗಿನದನ್ನೂ ಅಳಿಸಿ. ಆಮೇಲೆ ಹಾಕಿ. ಲಾಗಿನಲ್ಲಿ ಬ್ಯಾನರ್ ಬಂತೇ, ಏಳಲು ಹಿಂದಿನಷ್ಟೇ ಹೊತ್ತು ತೆಗೆದುಕೊಂಡಿತೇ ನೋಡಿ.

ಇಷ್ಟಾದರೂ ಕೆಲವು ವಿಳಾಸಗಳಲ್ಲಿ 404 ಕಾಣಿಸಬಹುದು. ಗಾಬರಿಯಾಗುವ ಮೊದಲು ಆ ಪುಟದ ಮುಖ ನೋಡಿ. ಅಡಿಯಲ್ಲಿ ಟಾಮ್‌ಕ್ಯಾಟಿನ ಹೆಸರು, ಆವೃತ್ತಿ ಇದ್ದರೆ ಕೋರಿಕೆ ಸ್ಪ್ರಿಂಗ್‌ವರೆಗೆ ತಲುಪಿಯೇ ಇಲ್ಲ, ಎರಡನೆಯ ಹೆಜ್ಜೆಗೆ ಹಿಂತಿರುಗಿ. 'ವೈಟ್‌ಲೇಬಲ್ ಎರರ್ ಪೇಜ್' ಎಂಬ ತಲೆಬರಹ ಇದ್ದರೆ ಸ್ಪ್ರಿಂಗ್ ಎದ್ದಿದೆ, ಉತ್ತರ ಕೊಡುತ್ತಿದೆ, ಆ ವಿಳಾಸಕ್ಕೆ ಅದರ ಬಳಿ ಯಾರೂ ಇಲ್ಲ. ವಿಳಾಸದ ಕೊನೆಯಲ್ಲಿ ಒಂದು ಓರೆಗೆರೆ ಇದೆಯೇ ನೋಡಿ. ಸ್ಪ್ರಿಂಗ್ 5 ಅದನ್ನು ಇದ್ದರೂ ಇಲ್ಲದಿದ್ದರೂ ಒಂದೇ ಎಂದುಕೊಳ್ಳುತ್ತಿತ್ತು. ಸ್ಪ್ರಿಂಗ್ 6 ಹಾಗೆ ಭಾವಿಸುವುದಿಲ್ಲ. ಹಳೆಯ ಮೆನುವಿನಲ್ಲಿ ಯಾರೋ ಹಾಕಿಟ್ಟ ಆ ಗೆರೆಯನ್ನು ಅಳಿಸಿದರೆ ಪುಟ ತೆರೆದುಕೊಳ್ಳುತ್ತದೆ.